ಎಸ್‌ಎಸ್‌ಎಲ್‌ಸಿ ಅಲ್ಲ, ಎಸ್‌ಎಸ್‌ಎಲ್ ಸರ್ಟಿಫಿಕೇಟ್!

ಕಳೆದ ಜೂನ್ ತಿಂಗಳ ಮಾತು. ದ್ವಿತೀಯ ಪಿಯುಸಿಯ ಫೀಸು ಕಟ್ಟಲು ಇನ್ನು ಎರಡೇ ದಿನ ಉಳಿದಿತ್ತು. ರಾತ್ರಿ ಹನ್ನೊಂದು ಗಂಟೆಗೆ ಜುಬೈಲ್‌ನಿಂದ ಉಪ್ಪನ ಫೋನ್ ಬಂತು. ಅಲ್ಲಿ ಆಗ ಎಂಟೂವರೆ. ಕೆಲಸ ಮುಗಿಸಿ ರೂಮಿಗೆ ಬಂದವರು ಊಟಕ್ಕೂ ಕೂರದೆ ನನ್ನ ಫೀಸು ಕಟ್ಟಲು ಮೊಬೈಲ್ ಹಿಡಿದಿದ್ದರು. “ಮಗಳೇ, ನಿನ್ನ ಕಾಲೇಜಿನ ಫೀಸಿನ ಪುಟ ತೆರೆದರೆ ಕೆಂಪು ತ್ರಿಕೋನ ಬರುತ್ತದಲ್ಲ, ಏನಿದು?” ಎಂದು ಕೇಳಿ ಸ್ಕ್ರೀನ್‌ಶಾಟ್ ಕಳುಹಿಸಿದರು. ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ, ಕಳ್ಳರು ನಿಮ್ಮ ಮಾಹಿತಿ ಕದಿಯಬಹುದು ಎಂಬ ಅರ್ಥದ ಎಚ್ಚರಿಕೆ ಅದರಲ್ಲಿತ್ತು.

ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿ ಎಂಬ ಧೈರ್ಯದಲ್ಲಿ ನಾನು, “ಅದೇನೂ ಇಲ್ಲ ಉಪ್ಪಾ, ಕೆಳಗೆ ಅಡ್ವಾನ್ಸ್ಡ್ ಅಂತ ಇದೆಯಲ್ಲ, ಅದನ್ನು ಒತ್ತಿ ಮುಂದೆ ಹೋಗಿ” ಎಂದೆ. ಉಪ್ಪ ಒಪ್ಪಲಿಲ್ಲ. “ಕಾರ್ಡ್ ನಂಬರು ಹಾಕುವ ಜಾಗದಲ್ಲಿ ಎಚ್ಚರಿಕೆ ಬಂದರೆ ಹಿಂದೆ ಬರಬೇಕು, ಮುಂದೆ ಹೋಗಬಾರದು. ನಾಳೆ ಸರ್ ಹತ್ತಿರ ಕೇಳಿ ಹೇಳು” ಎಂದು ಫೋನ್ ಇಟ್ಟರು.

ಅಷ್ಟರಲ್ಲಿ ನನ್ನಿಂದ ಇನ್ನೊಂದು ತಪ್ಪೂ ಆಗಿಹೋಗಿತ್ತು. ಅದೇ ದಿನ ಸಂಜೆ ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರೋ ಇದೇ ಪ್ರಶ್ನೆ ಕೇಳಿದ್ದರು. ಉಮ್ಮನ ಫೋನಿನಿಂದ ನಾನೇ ಉತ್ತರ ಬರೆದಿದ್ದೆ: “ಹೆದರಬೇಡಿ, ಅಡ್ವಾನ್ಸ್ಡ್ ಒತ್ತಿ ಮುಂದುವರಿಯಿರಿ.” ಅದಕ್ಕೆ ಹತ್ತಾರು ಹೆಬ್ಬೆರಳುಗಳೂ ಬಿದ್ದಿದ್ದವು.

ಮರುದಿನ ಬೆಳಿಗ್ಗೆ ಲ್ಯಾಬಿನಲ್ಲಿ ಕಂಪ್ಯೂಟರ್ ಸೈನ್ಸ್ ಸರ್ ಕೇಳಿದ ಮೊದಲ ಪ್ರಶ್ನೆ, “ಗ್ರೂಪಿನಲ್ಲಿ ಆ ಮೆಸೇಜ್ ಹಾಕಿದ್ದು ಯಾರು?” ನಾನು ಎದ್ದು ನಿಂತೆ. ಸರ್ ಬೈಯಲಿಲ್ಲ. “ಮಧ್ಯಾಹ್ನ ಊಟ ಆದ ಮೇಲೆ ಬಾ, ಕಾಲೇಜಿನ ಸರ್ಟಿಫಿಕೇಟ್ ನಾವಿಬ್ಬರೂ ಸೇರಿ ಸರಿಮಾಡೋಣ” ಎಂದರು. ಅಂದು ಮತ್ತು ಅದರ ಮುಂದಿನ ವಾರ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ತಾಳೆಯಾಗದಿದ್ದರೆ

ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟ್ ನಮಗೆಲ್ಲ ಗೊತ್ತು. ಅದರ ಕೊನೆಯ ‘ಸಿ’ ತೆಗೆದರೆ ಬರುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಕೂಡ ಒಂದು ಗುರುತಿನ ಪತ್ರವೇ. ಅದು ವಿದ್ಯಾರ್ಥಿಗಲ್ಲ, ವೆಬ್‌ಸೈಟಿಗೆ.

ನಾವು ಮೊಬೈಲಿನಲ್ಲಿ ಬರೆದು ಕಳುಹಿಸುವ ಮಾಹಿತಿ ನೇರವಾಗಿ ಕಾಲೇಜಿನ ಸರ್ವರ್‌ಗೆ ಹಾರಿ ಹೋಗುವುದಿಲ್ಲ. ರೂಮಿನ ವೈಫೈ, ಇಂಟರ್‌ನೆಟ್ ಕಂಪೆನಿ, ಸಮುದ್ರದಡಿಯ ಕೇಬಲ್ ಹೀಗೆ ಹಲವು ಕೈ ದಾಟಿ ಹೋಗುತ್ತದೆ. ವಿಳಾಸದ ಆರಂಭದಲ್ಲಿ ಬರೀ ‘ಎಚ್‌ಟಿಟಿಪಿ’ ಇದ್ದರೆ ಅದು ಪೋಸ್ಟ್ ಕಾರ್ಡ್ ಇದ್ದಂತೆ, ದಾರಿಯಲ್ಲಿರುವ ಯಾರೂ ಓದಬಹುದು, ತಿದ್ದಲೂಬಹುದು. ‘ಎಚ್‌ಟಿಟಿಪಿಎಸ್’ ಇದ್ದರೆ ಅಂಟಿಸಿ ಮೊಹರು ಹಾಕಿದ ಲಕೋಟೆ. ಈ ವ್ಯವಸ್ಥೆಯನ್ನು 1990ರ ದಶಕದಲ್ಲಿ ನೆಟ್‌ಸ್ಕೇಪ್ ಕಂಪೆನಿ ಎಸ್‌ಎಸ್‌ಎಲ್ ಎಂಬ ಹೆಸರಿನಲ್ಲಿ ತಂದಿತು. 1999ರಲ್ಲಿ ಅದರ ಜಾಗಕ್ಕೆ ಟಿಎಲ್‌ಎಸ್ ಬಂತು. ಇಂದು ನಡೆಯುತ್ತಿರುವುದೆಲ್ಲ ಟಿಎಲ್‌ಎಸ್, ಅದರ 1.3ನೇ ಆವೃತ್ತಿ ಬಂದದ್ದು 2018ರಲ್ಲಿ. ಆದರೂ ಬಾಯಿರೂಢಿಯಲ್ಲಿ ಎಸ್‌ಎಸ್‌ಎಲ್ ಎಂಬ ಹಳೆಯ ಹೆಸರೇ ಉಳಿದಿದೆ.

ಲಕೋಟೆ ಅಂಟಿಸಿದರೆ ಸಾಲದು, ಅದು ಸರಿಯಾದ ಮನೆಗೇ ಹೋಗುತ್ತಿದೆಯೇ ಎಂದೂ ತಿಳಿಯಬೇಕು. ಇಲ್ಲಿಯೇ ಸರ್ಟಿಫಿಕೇಟ್ ಬೇಕಾಗುವುದು. ಸರ್ ಇದನ್ನು ಆಫೀಸಿನ ಮೊಹರಿಗೆ ಹೋಲಿಸಿ ಹೇಳಿದರು. ಪ್ರತಿ ಸರ್ವರ್ ಬಳಿ ‘ಪ್ರೈವೇಟ್ ಕೀ’ ಎಂಬ ಗುಟ್ಟಿನ ಫೈಲ್ ಇರುತ್ತದೆ. ಅದು ಮೊಹರು. ಅದರ ಜೋಡಿಯಾದ ‘ಪಬ್ಲಿಕ್ ಕೀ’ ಆ ಮೊಹರಿನ ಗುರುತು, ಎಲ್ಲರಿಗೂ ತೋರಿಸುವಂಥದ್ದು. ಗುರುತು ಕಂಡವರು ಮೊಹರು ಅಸಲಿಯೇ ಎಂದು ಪರೀಕ್ಷಿಸಬಹುದೇ ಹೊರತು ಹೊಸ ಮೊಹರು ಮಾಡಲಾಗದು. “ಈ ಗುರುತು ಇಂಥ ಹೆಸರಿನ ವೆಬ್‌ಸೈಟಿನದ್ದು” ಎಂದು ಮೂರನೆಯವರೊಬ್ಬರು ದೃಢೀಕರಿಸಿ ಸಹಿ ಮಾಡಿದ ಪತ್ರವೇ ಸರ್ಟಿಫಿಕೇಟ್. ಹಾಗೆ ಸಹಿ ಮಾಡುವವರನ್ನು ಸರ್ಟಿಫಿಕೇಟ್ ಅಥಾರಿಟಿ ಎನ್ನುತ್ತಾರೆ. ಜೆರಾಕ್ಸ್ ಪ್ರತಿಗೆ ಗೆಜೆಟೆಡ್ ಅಧಿಕಾರಿಯ ಅಟೆಸ್ಟೇಶನ್ ಮಾಡಿಸುತ್ತೇವಲ್ಲ, ಹೆಚ್ಚುಕಡಿಮೆ ಹಾಗೆಯೇ. ಯಾವ ಯಾವ ಅಥಾರಿಟಿಯ ಸಹಿಯನ್ನು ನಂಬಬೇಕು ಎಂಬ ಪಟ್ಟಿ ನಮ್ಮ ಫೋನಿನಲ್ಲಿ, ಬ್ರೌಸರಿನಲ್ಲಿ ಮೊದಲೇ ಇರುತ್ತದೆ.

ಪುಟ ತೆರೆದ ಕ್ಷಣದಲ್ಲಿ ಬ್ರೌಸರ್ ನಾಲ್ಕು ವಿಷಯ ನೋಡುತ್ತದೆ. ಸಹಿ ಮಾಡಿದವರು ಪಟ್ಟಿಯಲ್ಲಿ ಇದ್ದಾರೆಯೇ? ಅವಧಿ ಮುಗಿದಿಲ್ಲವೇ? ವಿಳಾಸಪಟ್ಟಿಯಲ್ಲಿರುವ ಹೆಸರು ಸರ್ಟಿಫಿಕೇಟಿನಲ್ಲಿ ಇದೆಯೇ? ಕೊನೆಯದಾಗಿ, ಆ ಸರ್ವರ್ ಬಳಿ ನಿಜವಾಗಿ ಮೊಹರು ಇದೆಯೇ? ಕೊನೆಯದನ್ನು ತಿಳಿಯಲು ಸಂಪರ್ಕದ ಆರಂಭದಲ್ಲಿಯೇ ಪ್ರೈವೇಟ್ ಕೀಯಿಂದ ಹೊಸದಾಗಿ ಒಂದು ಸಹಿ ಮಾಡಿ ತೋರಿಸಬೇಕಾಗುತ್ತದೆ. ಎಲ್ಲವೂ ಸರಿಯಿದ್ದರೆ ಆ ಭೇಟಿಗೆ ಮಾತ್ರ ಬಳಸುವ ಗುಟ್ಟಿನ ಸಂಕೇತವೊಂದನ್ನು ಇಬ್ಬರೂ ಒಪ್ಪಿಕೊಂಡು ಮಾತು ಶುರುಮಾಡುತ್ತಾರೆ. ಒಂದು ತಪ್ಪಿದರೂ ಕೆಂಪು ತ್ರಿಕೋನ.

ಸರ್ ಉಪ್ಪನ ಸ್ಕ್ರೀನ್‌ಶಾಟ್ ಹಿಗ್ಗಿಸಿ ಕೆಳಗಿನ ಸಣ್ಣ ಅಕ್ಷರದ ಸಾಲನ್ನು ಓದಿಸಿದರು. ‘ಸರ್ಟ್ ಕಾಮನ್ ನೇಮ್ ಇನ್‌ವ್ಯಾಲಿಡ್’ ಎಂದಿತ್ತು. ಅಂದರೆ ಹೆಸರು ತಾಳೆಯಾಗಿಲ್ಲ. ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಅಂಕಪಟ್ಟಿಯಲ್ಲಿ ಇನ್ನೊಂದು ಸ್ಪೆಲ್ಲಿಂಗ್ ಇದ್ದು ಸ್ಕಾಲರ್‌ಶಿಪ್ ಅರ್ಜಿ ವಾಪಸ್ ಬಂದ ಅನುಭವ ನಮ್ಮಲ್ಲಿ ಎಷ್ಟೋ ಮಂದಿಗೆ ಇದೆ. ಮನುಷ್ಯ ಅದೇ, ದಾಖಲೆಯ ಹೆಸರು ಬೇರೆ. ನಮ್ಮ ಫೀಸಿನ ಪುಟಕ್ಕೂ ಆಗಿದ್ದು ಅದೇ.

ನಕ್ಷತ್ರ ಚಿಹ್ನೆಯ ಕೆಲಸ

ಅನುಕೂಲಕ್ಕಾಗಿ ನಮ್ಮ ಕಾಲೇಜಿನ ವಿಳಾಸ ‘ಕಾಲೇಜು.ಇನ್’ ಎಂದಿಟ್ಟುಕೊಳ್ಳೋಣ. ಇದು ಡೊಮೈನ್. ಇದರ ಮುಂದೆ ಒಂದು ಹೆಸರು, ಒಂದು ಚುಕ್ಕಿ ಸೇರಿಸಿದರೆ ಸಬ್‌ಡೊಮೈನ್: ‘ಲೈಬ್ರರಿ.ಕಾಲೇಜು.ಇನ್’, ‘ಫೀಸ್.ಕಾಲೇಜು.ಇನ್’, ‘ಅಡ್ಮಿಷನ್.ಕಾಲೇಜು.ಇನ್’. ಕಟ್ಟಡ ಒಂದೇ, ಕೋಣೆಗಳು ಹಲವು. ಈ ಮೂರು ಕೋಣೆಗಳು ನಮ್ಮಲ್ಲಿ ಶುರುವಾದದ್ದು ಈ ವರ್ಷ. ಸರ್ಟಿಫಿಕೇಟ್ ಮಾತ್ರ ಹಳೆಯದೇ, ಅದರಲ್ಲಿ ಮುಖ್ಯ ವಿಳಾಸದ ಹೆಸರಷ್ಟೇ ಇತ್ತು. ಹೊಸ ಕೋಣೆಯ ಬಾಗಿಲು ತಟ್ಟಿದವರಿಗೆ ಬ್ರೌಸರ್, “ಈ ಹೆಸರು ಪತ್ರದಲ್ಲಿ ಇಲ್ಲ” ಎಂದು ಸರಿಯಾಗಿಯೇ ಹೇಳಿತ್ತು.

ಪರಿಹಾರ ಮೂರು ಬಗೆ. ಪ್ರತಿ ಸಬ್‌ಡೊಮೈನಿಗೆ ಬೇರೆ ಬೇರೆ ಸರ್ಟಿಫಿಕೇಟ್ ಮಾಡಿಸುವುದು ಒಂದು. ಒಂದೇ ಸರ್ಟಿಫಿಕೇಟಿನಲ್ಲಿ ಎಲ್ಲ ಹೆಸರುಗಳನ್ನೂ ಪಟ್ಟಿಮಾಡಿ ಬರೆಸುವುದು ಇನ್ನೊಂದು. ಮೂರನೆಯದು ವೈಲ್ಡ್‌ಕಾರ್ಡ್. ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ ‘*.ಕಾಲೇಜು.ಇನ್’ ಎಂದು ಬರೆಸುವುದು. ಇಸ್ಪೀಟಿನ ಜೋಕರ್‌ನಂತೆ ನಕ್ಷತ್ರದ ಜಾಗದಲ್ಲಿ ಯಾವ ಹೆಸರನ್ನಾದರೂ ಕೂರಿಸಬಹುದು. ನಾಳೆ ‘ರಿಸಲ್ಟ್.ಕಾಲೇಜು.ಇನ್’ ಶುರುವಾದರೂ ಹೊಸ ಪತ್ರ ಬೇಡ.

ಎರಡು ಮಿತಿಗಳನ್ನು ಮಾತ್ರ ಮರೆಯಬಾರದು. ಒಂದು, ನಕ್ಷತ್ರ ಒಂದೇ ಮೆಟ್ಟಿಲಿಗೆ ಸೀಮಿತ. ‘ಲೈಬ್ರರಿ.ಕಾಲೇಜು.ಇನ್’ ಅದರೊಳಗೆ ಬರುತ್ತದೆ, ‘ಪ್ರಥಮ.ಲೈಬ್ರರಿ.ಕಾಲೇಜು.ಇನ್’ ಬರುವುದಿಲ್ಲ. ಎರಡು, ಬರೀ ‘ಕಾಲೇಜು.ಇನ್’ ನಕ್ಷತ್ರದೊಳಗೆ ಸೇರುವುದಿಲ್ಲ. ಅದನ್ನು ಬೇರೆಯಾಗಿ ಬರೆಸಬೇಕು. ಕೋಣೆಗಳನ್ನೆಲ್ಲ ಸೇರಿಸಿ ಮುಂಬಾಗಿಲು ಬಿಟ್ಟ ಹಾಗಾಗಬಾರದಲ್ಲ!

ಪಡೆಯುವುದು ಹೇಗೆ?

ಇಂಥ ಸರ್ಟಿಫಿಕೇಟ್ ಪಡೆಯಲು ದೊಡ್ಡ ಹಣ ಬೇಕೆಂದು ನಾನು ಅಂದುಕೊಂಡಿದ್ದೆ. ಹಣ ಕೊಟ್ಟು ಕೊಳ್ಳುವವೂ ಇವೆ. ಆದರೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಅಥಾರಿಟಿ 2015ರ ಕೊನೆಯಿಂದ ಉಚಿತವಾಗಿ ಸರ್ಟಿಫಿಕೇಟ್ ಕೊಡುತ್ತಿದೆ, 2018ರ ಮಾರ್ಚ್‌ನಿಂದ ವೈಲ್ಡ್‌ಕಾರ್ಡನ್ನೂ ಕೊಡುತ್ತಿದೆ. ನಾವು ಬಳಸಿದ್ದು ಅದನ್ನೇ.

ಸರ್ ಸರ್ವರ್‌ನಲ್ಲಿ ಸರ್ಟ್‌ಬಾಟ್ ಎಂಬ ಪ್ರೋಗ್ರಾಂ ಓಡಿಸಿದರು. ಮೊದಲು ಅದು ಪ್ರೈವೇಟ್ ಕೀಯನ್ನು ಅಲ್ಲಿಯೇ ತಯಾರಿಸಿತು. ಮೊಹರು ಸರ್ವರ್ ಬಿಟ್ಟು ಹೊರಗೆ ಹೋಗಲಿಲ್ಲ, ಸಹಿಗೆ ಹೋದದ್ದು ಮೊಹರಿನ ಗುರುತು ಮಾತ್ರ. ಆಮೇಲೆ ಅಥಾರಿಟಿಯಿಂದ ಒಂದು ಪ್ರಶ್ನೆ ಬಂತು: ಈ ಡೊಮೈನ್ ನಿಮ್ಮದೇ ಎಂಬುದಕ್ಕೆ ಏನು ಸಾಕ್ಷಿ?

ಒಂದೇ ಹೆಸರಿನ ಸರ್ಟಿಫಿಕೇಟ್ ಆದರೆ ಅವರು ಹೇಳಿದ ಫೈಲನ್ನು ಆ ಸೈಟಿನಲ್ಲಿ ಇಟ್ಟು ತೋರಿಸಿದರೂ ಸಾಕು. ವೈಲ್ಡ್‌ಕಾರ್ಡಿಗೆ ಅದು ನಡೆಯುವುದಿಲ್ಲ. ಎಲ್ಲ ಕೋಣೆಗಳ ಹಕ್ಕು ಕೇಳುವವನು ಒಂದು ಕೋಣೆಯಲ್ಲಿ ನಿಂತು ತೋರಿಸಿದರೆ ಸಾಲದು, ಇಡೀ ಕಟ್ಟಡದ ದಾಖಲೆ ತನ್ನ ಕೈಯಲ್ಲಿದೆ ಎಂದು ತೋರಿಸಬೇಕು. ಇಂಟರ್‌ನೆಟ್‌ನಲ್ಲಿ ಆ ದಾಖಲೆ ಎಂದರೆ ಡಿಎನ್‌ಎಸ್, ಯಾವ ಹೆಸರು ಯಾವ ಸರ್ವರ್‌ಗೆ ಹೋಗಬೇಕೆಂದು ಬರೆದಿಟ್ಟ ಪಟ್ಟಿ. ಅಥಾರಿಟಿ ಕೊಟ್ಟ ಉದ್ದನೆಯ ಅಕ್ಷರಮಾಲೆಯನ್ನು ಸರ್ ನಮ್ಮ ಡಿಎನ್‌ಎಸ್‌ನಲ್ಲಿ ಒಂದು ಟೆಕ್ಸ್ಟ್ ದಾಖಲೆಯಾಗಿ ಸೇರಿಸಿದರು. ಸ್ವಲ್ಪ ಹೊತ್ತು ಕಾದೆವು. ಅಥಾರಿಟಿ ಅದನ್ನು ಬಂದು ಓದಿತು. ಸರ್ಟಿಫಿಕೇಟ್ ಸಿಕ್ಕಿತು. ಫೀಸಿನ ಪುಟ ಮತ್ತೆ ತೆರೆದಾಗ ಕೆಂಪು ತ್ರಿಕೋನ ಇರಲಿಲ್ಲ.

ಆ ಸರ್ಟಿಫಿಕೇಟಿನ ಆಯುಷ್ಯ 90 ದಿನ. ಇಷ್ಟು ಕಡಿಮೆ ಏಕೆ ಎಂದು ಕೇಳಿದೆ. ಮೊಹರು ಕಳುವಾದರೂ ಕಳ್ಳನಿಗೆ ಹೆಚ್ಚು ದಿನ ದಕ್ಕದಿರಲಿ ಎಂಬುದು ಮುಖ್ಯ ಕಾರಣ. ಹಣ ಕೊಟ್ಟು ಕೊಂಡರೂ ಈಗ ದೀರ್ಘಾವಧಿ ಸಿಗುವುದಿಲ್ಲ. ಬ್ರೌಸರ್ ಕಂಪೆನಿಗಳು ಮತ್ತು ಅಥಾರಿಟಿಗಳು ಸೇರಿ ಮಾಡಿಕೊಂಡ ನಿಯಮದಂತೆ ಗರಿಷ್ಠ ಅವಧಿ 2020ರ ಸೆಪ್ಟೆಂಬರ್‌ನಿಂದ 398 ದಿನ, 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಹಾಗಾಗಿ ಡೈರಿಯಲ್ಲಿ ಬರೆದಿಟ್ಟು ನವೀಕರಿಸುವ ಕಾಲ ಹೋಯಿತು, ಸರ್ವರ್ ತಾನೇ ನವೀಕರಿಸಿಕೊಳ್ಳುವಂತೆ ಮಾಡಬೇಕು. ಸರ್ ಅದನ್ನೂ ಮಾಡಿಟ್ಟರು.

ಮೊಹರು ಯಾರ ಕೈಯಲ್ಲಿ?

ಕೆಲಸ ಮುಗಿಯಿತೆಂದು ನಾನು ಅಂದುಕೊಂಡಿದ್ದೆ. ಮುಖ್ಯವಾದದ್ದು ಕಲಿತದ್ದು ಮುಂದಿನ ವಾರ.

ಫೀಸಿನ ಪುಟವನ್ನು ಮಾತ್ರ ಹೊರಗಿನ ಸಂಸ್ಥೆಯೊಂದು ತನ್ನ ಸರ್ವರ್‌ನಿಂದ ನಡೆಸುವುದೆಂದು ತೀರ್ಮಾನವಾಗಿತ್ತು. ಆ ಸಂಸ್ಥೆಯವರು ಫೋನ್ ಮಾಡಿ, “ಸರ್, ನಿಮ್ಮ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಮತ್ತು ಕೀ ಫೈಲ್ ವಾಟ್ಸ್‌ಆ್ಯಪ್ ಮಾಡಿಬಿಡಿ, ಹತ್ತು ನಿಮಿಷದಲ್ಲಿ ಹಾಕುತ್ತೇವೆ” ಎಂದರು. ಸರ್, “ಸರ್ಟಿಫಿಕೇಟ್ ಬೇಕಾದರೆ ಊರಿಗೆಲ್ಲ ತೋರಿಸುತ್ತೇನೆ, ಕೀ ಮಾತ್ರ ಕೊಡುವುದಿಲ್ಲ” ಎಂದುಬಿಟ್ಟರು. ಇಷ್ಟು ಸಣ್ಣ ಫೈಲಿಗೆ ಇಷ್ಟು ಗಟ್ಟಿತನ ಏಕೆ ಎಂದು ನನಗೆ ಅನಿಸಿತು.

ಸರ್ ಕೇಳಿದರು, “ಪ್ರಿನ್ಸಿಪಾಲರ ಮೊಹರನ್ನು ಕ್ಯಾಂಟೀನಿನಲ್ಲಿ, ಲೈಬ್ರರಿಯಲ್ಲಿ, ಹಾಸ್ಟೆಲಿನಲ್ಲಿ ಒಂದೊಂದು ಇಟ್ಟರೆ ಏನಾಗುತ್ತದೆ?” ಕ್ಯಾಂಟೀನಿನಿಂದ ಕದ್ದವನು ಕ್ಯಾಂಟೀನಿನ ಚೀಟಿಗೆ ಮಾತ್ರ ಅದನ್ನು ಒತ್ತುವುದಿಲ್ಲ, ಟಿಸಿಗೂ ಒತ್ತಬಹುದು. ವೈಲ್ಡ್‌ಕಾರ್ಡಿನ ಅನುಕೂಲವೂ ಅಪಾಯವೂ ಇದೇ ಒಂದು ಮಾತಿನಲ್ಲಿದೆ. ಒಂದೇ ಕೀ ಎಲ್ಲ ಹೆಸರುಗಳಿಗೂ ನಡೆಯುತ್ತದೆ. ಹತ್ತು ಸರ್ವರ್‌ಗಳಿಗೆ ಅದನ್ನು ನಕಲು ಮಾಡಿದರೆ, ಹತ್ತರಲ್ಲಿ ಅತಿ ದುರ್ಬಲವಾದ ಸರ್ವರ್ ಎಷ್ಟು ಭದ್ರವೋ ಉಳಿದ ಒಂಬತ್ತೂ ಅಷ್ಟೇ ಭದ್ರ. ಕದ್ದವನು ಯಾವುದೋ ವೈಫೈಯಲ್ಲಿ ಅಥವಾ ಡಿಎನ್‌ಎಸ್‌ನಲ್ಲಿ ಜನರನ್ನು ತನ್ನ ಕಡೆಗೆ ತಿರುಗಿಸಿಕೊಂಡರೆ ಆಯಿತು, ‘ಫೀಸ್’, ‘ಅಡ್ಮಿಷನ್’, ‘ರಿಸಲ್ಟ್’ ಯಾವುದರ ವೇಷವನ್ನಾದರೂ ಹಾಕಬಹುದು. ಬ್ರೌಸರ್ ಎಚ್ಚರಿಸುವುದೇ ಇಲ್ಲ, ಏಕೆಂದರೆ ಮೊಹರು ಅಸಲಿ. ಕಳುವು ಗೊತ್ತಾದ ಮೇಲೂ ಸರ್ಟಿಫಿಕೇಟ್ ರದ್ದುಮಾಡಿಸಿ ಎಲ್ಲ ಸರ್ವರ್‌ಗಳಲ್ಲೂ ಒಟ್ಟಿಗೇ ಬದಲಿಸಬೇಕು.

ಕೊನೆಗೆ ಮಾಡಿದ್ದು ಇಷ್ಟು. ವೈಲ್ಡ್‌ಕಾರ್ಡ್ ನಮ್ಮ ಸರ್ವರ್‌ನಲ್ಲಿರುವ ಪುಟಗಳಿಗೆ ಮಾತ್ರ. ‘ಫೀಸ್’ ಎಂಬ ಒಂದು ಹೆಸರನ್ನು ಡಿಎನ್‌ಎಸ್‌ನಲ್ಲಿ ಆ ಸಂಸ್ಥೆಯ ಸರ್ವರ್ ಕಡೆಗೆ ತಿರುಗಿಸಿದರು. ಅವರು ತಮ್ಮದೇ ಕೀ ಮಾಡಿಕೊಂಡು ಆ ಒಂದೇ ಹೆಸರಿಗೆ ಬೇರೆ ಸರ್ಟಿಫಿಕೇಟ್ ಪಡೆದರು. ಅವರಲ್ಲಿ ಏನೇ ಎಡವಟ್ಟಾದರೂ ಅದು ಆ ಕೋಣೆಯೊಳಗೇ ಉಳಿಯುತ್ತದೆ.

ಒಂದು ನಕ್ಷತ್ರ, ಮೂರು ಲಕ್ಷ ವಿಳಾಸ

ಇದು ಬರೀ ಊಹೆಯ ಭಯವಲ್ಲ. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಿಜಿನೋಟಾರ್ ಎಂಬ ಅಥಾರಿಟಿಯ ಕಂಪ್ಯೂಟರುಗಳಿಗೆ ಹ್ಯಾಕರ್ ನುಗ್ಗಿದ. ತನ್ನಿಷ್ಟದ ನೂರಾರು ಕಳ್ಳ ಸರ್ಟಿಫಿಕೇಟುಗಳಿಗೆ ಅಲ್ಲಿಯೇ ಸಹಿ ಹಾಕಿಸಿಕೊಂಡ. ಅವುಗಳಲ್ಲಿ ಒಂದು ‘*.ಗೂಗಲ್.ಕಾಮ್’. ಜಿಮೇಲ್, ಲಾಗಿನ್ ಪುಟ ಸೇರಿದಂತೆ ಆ ಹೆಸರಿನಡಿಯ ಎಲ್ಲ ಕೋಣೆಗಳ ವೇಷಕ್ಕೂ ಆ ಒಂದು ಪತ್ರ ಸಾಕಾಗಿತ್ತು. ಅದನ್ನು ಬಳಸಿದ್ದು ಇರಾನಿನ ಜನರ ವಿರುದ್ಧ. ಮುಂದೆ ನಡೆದ ತನಿಖೆಯಲ್ಲಿ ಸುಮಾರು 3 ಲಕ್ಷ ಇಂಟರ್‌ನೆಟ್ ವಿಳಾಸಗಳು ಆ ಸರ್ಟಿಫಿಕೇಟಿನ ಎದುರು ಬಂದದ್ದು ಕಂಡಿತು. ಡಿಜಿನೋಟಾರ್ ಮೇಲಿನ ನಂಬಿಕೆಯನ್ನು ಬ್ರೌಸರುಗಳೆಲ್ಲ ಕಿತ್ತುಹಾಕಿದವು, ಅದೇ ಸೆಪ್ಟೆಂಬರ್‌ನಲ್ಲಿ ಕಂಪೆನಿ ದಿವಾಳಿಯಾಯಿತು.

ಮೋಸ ಬಯಲಾದದ್ದು ಹೇಗೆ ಎಂಬುದೇ ನನಗೆ ಮುಖ್ಯವಾಗಿ ಕಂಡದ್ದು. ಗೂಗಲ್‌ನ ಸೈಟುಗಳಿಗೆ ಯಾರ ಸಹಿ ಇರಬೇಕೆಂದು ಕ್ರೋಮ್ ಬ್ರೌಸರಿಗೆ ಮೊದಲೇ ಹೇಳಿಡಲಾಗಿತ್ತು, ಹಾಗಾಗಿ ಅದು ಎಚ್ಚರಿಕೆ ತೋರಿಸಿತು. ಇರಾನಿನ ಒಬ್ಬ ಬಳಕೆದಾರ ಆ ಎಚ್ಚರಿಕೆಯನ್ನು ದಾಟಿ ಹೋಗಲಿಲ್ಲ. ನಿಂತು, ಇದೇನೆಂದು ಗೂಗಲ್‌ನ ಸಹಾಯ ಪುಟದಲ್ಲಿ ಕೇಳಿದ. ಅಲ್ಲಿಂದ ಎಲ್ಲವೂ ಹೊರಬಿತ್ತು. ಸರ್ ಇದನ್ನು ಹೇಳುವಾಗ ನನಗೆ ಜುಬೈಲ್‌ನ ಉಪ್ಪನ ನೆನಪಾಯಿತು, ಗ್ರೂಪಿಗೆ ನಾನು ಹಾಕಿದ ಮೆಸೇಜೂ ನೆನಪಾಯಿತು.

ನಮ್ಮ ದೇಶದಲ್ಲೂ 2014ರ ಜುಲೈಯಲ್ಲಿ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್‌ನ ಅಥಾರಿಟಿಯಿಂದ ಗೂಗಲ್‌ನ ಕೆಲವು ಹೆಸರುಗಳಿಗೆ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದವು, ಬಳಿಕ ಅವನ್ನು ರದ್ದುಮಾಡಬೇಕಾಯಿತು. ಇಂಥವು ಗುಟ್ಟಾಗಿ ಉಳಿಯದಿರಲೆಂದು ಈಗ ಕೊಡುವ ಸರ್ಟಿಫಿಕೇಟುಗಳನ್ನು ಯಾರು ಬೇಕಾದರೂ ನೋಡಬಹುದಾದ ದಾಖಲೆಪುಸ್ತಕಗಳಲ್ಲಿ ಬರೆಯುತ್ತಾರೆ. 2018ರ ಏಪ್ರಿಲ್ ಕೊನೆಯಿಂದ ಕೊಟ್ಟ ಸರ್ಟಿಫಿಕೇಟುಗಳಿಗೆ ಕ್ರೋಮ್ ಇದನ್ನು ಕಡ್ಡಾಯ ಮಾಡಿದೆ.

ಬೀಗ ಕಂಡರೆ ಸಾಕೇ?

ಸಾಲದು. ಸರ್ಟಿಫಿಕೇಟ್ ಹೇಳುವುದು ಇಷ್ಟೇ: ನೀವು ಮಾತಾಡುತ್ತಿರುವುದು ವಿಳಾಸಪಟ್ಟಿಯಲ್ಲಿ ಕಾಣುವ ಹೆಸರಿನವರ ಜೊತೆಗೇ, ನಡುವೆ ಯಾರೂ ಕೇಳುತ್ತಿಲ್ಲ. ಆ ಹೆಸರಿನವರು ಒಳ್ಳೆಯವರೇ ಎಂದು ಅದು ಹೇಳುವುದಿಲ್ಲ. ಯಾರೋ ಒಬ್ಬ ಮೋಸಗಾರ ‘ಫೀಸ್‌ಕಟ್ಟಿ.ಕಾಮ್’ ಎಂಬ ಡೊಮೈನ್ ಕೊಂಡ ಎನ್ನೋಣ. ಉಚಿತ ವೈಲ್ಡ್‌ಕಾರ್ಡ್ ಅವನಿಗೂ ಸಿಗುತ್ತದೆ. ನಕ್ಷತ್ರದ ಜಾಗದಲ್ಲಿ ನಮ್ಮ ಕಾಲೇಜಿನ ಹೆಸರು, ಪಕ್ಕದ ಕಾಲೇಜಿನ ಹೆಸರು ಹೀಗೆ ಬೇಕಾದ್ದನ್ನೆಲ್ಲ ಕೂರಿಸಿ ಬೀಗವಿರುವ ನೂರು ಪುಟ ಮಾಡಬಹುದು. ಬೀಗದ ಚಿತ್ರವಿದ್ದರೆ ಸೈಟೇ ನಂಬಿಕಸ್ಥ ಎಂದು ಜನ ತಪ್ಪು ತಿಳಿಯುತ್ತಿದ್ದುದರಿಂದಲೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನು ತೆಗೆದು ಬೇರೆ ಚಿಹ್ನೆ ಹಾಕಿತು.

ಆದ್ದರಿಂದ ವಿಳಾಸವನ್ನು ಬಲದಿಂದ ಎಡಕ್ಕೆ ಓದಬೇಕು. ಡೊಮೈನ್ ಹೆಸರಿನ ಬಾಲ ಯಾರದೋ ಮನೆ ಅವರದು. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ‘ಎಸ್‌ಎಸ್‌ಪಿ’ಯಿಂದ ಶುರುವಾಗಿ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ಮುಂದೆ ಎಸ್‌ಎಸ್‌ಪಿ ಎಂದಿದ್ದು ಬಾಲ ಬೇರೆಯಾಗಿದ್ದರೆ ಅದು ಬೇರೆಯವರ ಮನೆ.

ಇನ್ನೊಂದು ಘಟನೆ ಹೇಳಿ ಮುಗಿಸುತ್ತೇನೆ. ಫೀಸಿನ ಪುಟ ಸರಿಯಾಗಿ ಕೆಲವು ದಿನ ಕಳೆದಿರಬೇಕು, ನೆರೆಮನೆಯ ಮಾಮಿ ಮಗನ ಸ್ಕಾಲರ್‌ಶಿಪ್‌ಗೆಂದು ಯಾರೋ ಕಳುಹಿಸಿದ ಲಿಂಕ್ ತೆರೆಯುತ್ತಿದ್ದರು. ಅದೇ ಕೆಂಪು ತ್ರಿಕೋನ ಬಂತು. ಅವರ ಬೆರಳು ಸೀದಾ ಅಡ್ವಾನ್ಸ್ಡ್ ಮೇಲೆ ಹೋಯಿತು. “ಮಾಮಿ, ಒತ್ತಬೇಡಿ” ಎಂದೆ. “ನೀನೇ ಅಲ್ಲವಾ ಗ್ರೂಪಿನಲ್ಲಿ ಒತ್ತಿ ಅಂತ ಹಾಕಿದ್ದು?” ಎಂದರು. ಬಾಲ ನೋಡಿದರೆ ಅದು ಸರಕಾರದ ವಿಳಾಸವೇ ಅಲ್ಲ. ಸರ್ವರ್‌ನ ತಪ್ಪನ್ನು ನಾವು ಒಂದು ಮಧ್ಯಾಹ್ನದಲ್ಲಿ ತಿದ್ದಿದ್ದೆವು. ನನ್ನ ಒಂದು ಸಾಲು ಎಷ್ಟು ಮನೆಗಳಲ್ಲಿ ಅಭ್ಯಾಸವಾಗಿ ಕೂತಿದೆಯೋ, ಅದನ್ನು ತಿದ್ದಲು ಯಾವ ಪ್ರೋಗ್ರಾಮೂ ಇಲ್ಲ.

ಅಂದು ರಾತ್ರಿ ಉಮ್ಮನ ಫೋನಿನಿಂದಲೇ ಗ್ರೂಪಿಗೆ ಹೀಗೆ ಬರೆದೆ: “ಹಿಂದೆ ನಾನು ಹೇಳಿದ್ದು ತಪ್ಪು. ಕೆಂಪು ಎಚ್ಚರಿಕೆ ಬಂದರೆ ಯಾವ ಮಾಹಿತಿಯನ್ನೂ ಹಾಕಬೇಡಿ. ಮೊದಲು ಫೋನಿನ ದಿನಾಂಕ ಸರಿಯಿದೆಯೇ ನೋಡಿ, ಅದು ತಪ್ಪಿದ್ದರೂ ಎಚ್ಚರಿಕೆ ಬರುತ್ತದೆ. ವಿಳಾಸವನ್ನು ಬಲದಿಂದ ಓದಿ. ಆಮೇಲೂ ಎಚ್ಚರಿಕೆ ಹೋಗದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಕಾಲೇಜಿಗೆ ಕಳುಹಿಸಿ.”

ಈ ಸಲ ಹೆಬ್ಬೆರಳುಗಳು ಕಡಿಮೆ ಬಿದ್ದವು. ಜುಬೈಲ್‌ನಿಂದ ಮಾತ್ರ ಒಂದು ಬಂತು.